ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಕಾಂಡಕೋಶದ ಗುಣ ಬರುವುದು ಹೇಗೆ? ಜೀನ್ ನಿಯಂತ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟವನ್ನು ಇಬ್ಬರಿಗಾಗಿ ಬರೆದಿದ್ದೇವೆ. ಒಬ್ಬರು ಲ್ಯಾಬಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿ. ಇನ್ನೊಬ್ಬರು ಮನೆಯವರ ಬಯಾಪ್ಸಿ ವರದಿ ಕೈಯಲ್ಲಿ ಹಿಡಿದು ಅದರ ಅರ್ಥ ಹುಡುಕುತ್ತಿರುವವರು. ಇಬ್ಬರಿಗೂ ಎಲ್ಲ ಪ್ರಶ್ನೆ ಬೇಕಾಗಲಿಕ್ಕಿಲ್ಲ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಕ್ಯಾನ್ಸರ್ ಕಾಂಡಕೋಶ ಎಂದರೇನು?

ಗಡ್ಡೆಯ ಎಲ್ಲ ಜೀವಕೋಶಗಳಿಗೂ ಹೊಸ ಗಡ್ಡೆ ಕಟ್ಟುವ ಶಕ್ತಿ ಇರುವುದಿಲ್ಲ. ಕೆಲವು ಕೋಶಗಳು ಮಾತ್ರ ಎರಡು ಕೆಲಸ ಬಲ್ಲವು: ತಮ್ಮಂಥದೇ ಕೋಶವನ್ನು ಮತ್ತೆ ಹುಟ್ಟಿಸುವುದು, ಮತ್ತು ಗಡ್ಡೆಯಲ್ಲಿರುವ ಉಳಿದ ಬಗೆಯ ಕೋಶಗಳನ್ನೂ ಹುಟ್ಟಿಸುವುದು. ಈ ಎರಡೂ ಇದ್ದರೆ ಅದನ್ನು ಕ್ಯಾನ್ಸರ್ ಕಾಂಡಕೋಶ ಎನ್ನುತ್ತೇವೆ. 1994ರಲ್ಲಿ ಟೊರಾಂಟೊದ ಜಾನ್ ಡಿಕ್ ಅವರ ತಂಡ ರಕ್ತ ಕ್ಯಾನ್ಸರ್‌ನಲ್ಲಿ ಇದನ್ನು ಇಲಿಗಳ ಮೂಲಕ ಮೊದಲು ತೋರಿಸಿತು. 2003ರಲ್ಲಿ ಸ್ತನ ಕ್ಯಾನ್ಸರ್‌ನಲ್ಲಿ, 2008ರಲ್ಲಿ ಕೋಶದ ಹೊರಮೈಯಲ್ಲಿರುವ ಸಿಡಿ133 ಎಂಬ ಪ್ರೋಟೀನ್ ಗುರುತಿನ ಆಧಾರದಲ್ಲಿ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಇಂಥ ಕೋಶಗಳ ವರದಿ ಬಂತು.

ಹೊಲದಲ್ಲಿ ಜೇಕು ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಹುಲ್ಲನ್ನು ಎಷ್ಟು ಕೊಯ್ದರೂ ಮಣ್ಣಿನೊಳಗಿನ ಗಡ್ಡೆ ಉಳಿದರೆ ಹದಿನೈದು ದಿನಕ್ಕೆ ಮತ್ತೆ ಹಸಿರು.

ಹಾಗಾದರೆ ಆ ಕೋಶಗಳನ್ನಷ್ಟೇ ಕೊಂದರೆ ರೋಗ ಮುಗಿಯಿತಲ್ಲವೇ?

ಹದಿನೈದು ವರ್ಷಗಳ ಹಿಂದೆ ಹಲವರು ಹಾಗೆಯೇ ಎಣಿಸಿದ್ದರು. ಜೇಕಿನ ಹೋಲಿಕೆ ಸೋಲುವುದು ಇಲ್ಲಿಯೇ. ಶ್ವಾಸಕೋಶದ ಗಡ್ಡೆ ಹೆಚ್ಚಾಗಿ ಕಾಡುಬಸಳೆಯ ಹಾಗೆ ವರ್ತಿಸುತ್ತದೆ. ಕಾಡುಬಸಳೆಯ ಒಂದು ಎಲೆ ನೆಲಕ್ಕೆ ಬಿದ್ದರೂ ಅದರ ಅಂಚಿನಿಂದ ಹೊಸ ಗಿಡ ಚಿಗುರುತ್ತದೆ. ಎಲೆಯಾಗಿದ್ದದ್ದು ಬೇರು ಬಿಡುವುದನ್ನು ಮರೆತಿರುವುದಿಲ್ಲ.

ಅಂದರೆ ಕಾಂಡಕೋಶದ ಗುಣವು ಕೋಶಕ್ಕೆ ಬರುವ, ಹೋಗುವ, ಮತ್ತೆ ಬರುವ ಒಂದು ಸ್ಥಿತಿ. 2020ರಲ್ಲಿ ಇಲಿಯ ಅಡಿನೊಕಾರ್ಸಿನೋಮಾವನ್ನು (ಶ್ವಾಸಕೋಶ ಕ್ಯಾನ್ಸರ್‌ನ ಒಂದು ಮುಖ್ಯ ಬಗೆ) ಕೋಶ ಕೋಶವಾಗಿ ಬಿಡಿಸಿ, ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ಓದಿದಾಗ, ಹಲವು ದಿಕ್ಕಿಗೆ ತಿರುಗಬಲ್ಲ ಒಂದು ನಡುವಿನ ಸ್ಥಿತಿ ಕಂಡುಬಂತು. ಕಿಮೊಥೆರಪಿಗೆ ಸುಲಭವಾಗಿ ಬಗ್ಗದೆ ಉಳಿದವು ಆ ಸ್ಥಿತಿಯ ಕೋಶಗಳೇ. ಅದಕ್ಕೂ ಮುಂಚೆ, 2017ರಲ್ಲಿ, ಇಂಥದೇ ಗಡ್ಡೆಗಳಲ್ಲಿ ಕೆಲವು ಕೋಶಗಳು ವಿಂಟ್ ಎಂಬ ಸಂಕೇತವನ್ನು ತಯಾರಿಸಿ ಪಕ್ಕದ ಕೋಶಗಳನ್ನು ಕಾಂಡಕೋಶದಂತೆ ಇಡುತ್ತವೆ ಎಂದು ಗೊತ್ತಾಯಿತು. ನೆರೆಹೊರೆ ಹಾಗೆಯೇ ಉಳಿದರೆ ಒಂದು ಕೋಶ ಸತ್ತ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಡಿಎನ್‌ಎ ಬದಲಾಗದೆ ಕೋಶದ ಸ್ವಭಾವ ಬದಲಾಗುವುದು ಹೇಗೆ?

ನಿಮ್ಮ ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಇರುವುದು ಒಂದೇ ಡಿಎನ್‌ಎ. ಸುಮಾರು 20,000 ಪ್ರೋಟೀನ್ ಜೀನ್‌ಗಳಲ್ಲಿ ಯಾವುದು ಓದಲ್ಪಡುತ್ತಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಈ ತೆರೆ-ಮುಚ್ಚಾಟವೇ ಜೀನ್ ನಿಯಂತ್ರಣ.

ಒಂದು ಕೋಶದೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಪ್ರತಿ ಉಂಡೆಯಲ್ಲಿ 8 ಹಿಸ್ಟೋನ್, ಸುತ್ತ 147 ಅಕ್ಷರಗಳಷ್ಟು ಡಿಎನ್‌ಎ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಮೌನ, ಸಡಿಲವಾದ ಕಡೆ ಅದನ್ನು ಓದಬಹುದು. ಹಿಸ್ಟೋನ್ ಬಾಲಕ್ಕೆ ಇಜೆಡ್‌ಎಚ್2 ಎಂಬ ಕಿಣ್ವ ಮೂರು ಮೀಥೈಲ್ ಗುಂಪು ಅಂಟಿಸಿದರೆ ಬಾಗಿಲು ಮುಚ್ಚುತ್ತದೆ, ಅಸಿಟೈಲ್ ಗುಂಪು ಅಂಟಿದರೆ ತೆರೆಯುತ್ತದೆ. ಡಿಎನ್‌ಎಗೇ ನೇರವಾಗಿ ಮೀಥೈಲ್ ಅಂಟಿ ಜೀನ್ ಮುಚ್ಚುವುದೂ ಉಂಟು. ಎಲ್ಲಿ ತೆರೆಯಬೇಕು ಎಂದು ಗುರುತು ಹಿಡಿಯುವವು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಮನುಷ್ಯರಲ್ಲಿ ಇವು ಸುಮಾರು 1,600 ಇವೆ. ಮುಂದೆ ಇವನ್ನು ನಿಯಂತ್ರಕ ಎಂದಷ್ಟೇ ಕರೆಯುತ್ತೇವೆ.

ಇದು ಬರೀ ಊಹೆಯಲ್ಲ ಎಂಬುದಕ್ಕೆ 2006ರಲ್ಲಿ ಶಿನ್ಯಾ ಯಮನಾಕ ಕೊಟ್ಟ ಸಾಕ್ಷಿಗಿಂತ ದೊಡ್ಡದು ಬೇಕಿಲ್ಲ. ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್ ಎಂಬ ನಾಲ್ಕೇ ನಿಯಂತ್ರಕಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶವನ್ನು ಭ್ರೂಣದ ಕಾಂಡಕೋಶದಂತೆ ಅವರು ಮಾಡಿದರು. ಈ ನಾಲ್ಕರಲ್ಲಿ ಮಿಕ್ ಹಳೆಯ ಕ್ಯಾನ್ಸರ್ ಜೀನ್. ಸಾಕ್ಸ್2 ಶ್ವಾಸಕೋಶದ ಸ್ಕ್ವೇಮಸ್ ಎಂಬ ಬಗೆಯ ಕ್ಯಾನ್ಸರ್‌ನ ಜೀನ್ ಎಂದು 2009ರಲ್ಲಿ ಗೊತ್ತಾಯಿತು.

ಆರೋಗ್ಯವಂತ ಶ್ವಾಸಕೋಶದಲ್ಲೂ ಕಾಂಡಕೋಶಗಳಿವೆಯೇ?

ಇವೆ, ಜಾಗಕ್ಕೊಂದು ಬಗೆ. ಶ್ವಾಸನಾಳದಲ್ಲಿ ಪಿ63 ಮತ್ತು ಕೆರಾಟಿನ್ 5 ಇರುವ ಬೇಸಲ್ ಕೋಶಗಳು. ಗಾಳಿಗೂಡುಗಳಲ್ಲಿ ಟೈಪ್ 2 ಕೋಶಗಳು. ಗಾಳಿಗೂಡು ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟನ್ನು ತಯಾರಿಸುವುದು ಇವುಗಳ ದಿನದ ಕೆಲಸ, ಗಾಯವಾದಾಗ ತೆಳುವಾದ ಟೈಪ್ 1 ಕೋಶಗಳಾಗಿ ಮಾರ್ಪಟ್ಟು ಗೂಡನ್ನು ದುರಸ್ತಿ ಮಾಡುವುದು ಇನ್ನೊಂದು. ಇವಲ್ಲದೆ ಅಲ್ಲಲ್ಲಿ ನ್ಯೂರೋಎಂಡೋಕ್ರೈನ್ ಕೋಶಗಳಿವೆ, ಅಂದರೆ ನರಕೋಶದ ಮತ್ತು ಹಾರ್ಮೋನ್ ಕೋಶದ ಗುಣಗಳೆರಡೂ ಇರುವವು.

ಹೆಚ್ಚಿನ ಅಡಿನೊಕಾರ್ಸಿನೋಮಾ ಟೈಪ್ 2 ಕೋಶದಿಂದ, ಸ್ಕ್ವೇಮಸ್ ಕ್ಯಾನ್ಸರ್ ಬೇಸಲ್ ಕೋಶದಿಂದ, ಸ್ಮಾಲ್ ಸೆಲ್ ಕ್ಯಾನ್ಸರ್ ಮುಖ್ಯವಾಗಿ ನ್ಯೂರೋಎಂಡೋಕ್ರೈನ್ ಕೋಶದಿಂದ ಹುಟ್ಟುತ್ತವೆ. ಗಾಯ ಮಾಯುವಾಗ ಟೈಪ್ 2 ಕೋಶ ಹಾದುಹೋಗುವ ಒಂದು ಮಧ್ಯದ ಹಂತವಿದೆ, ಕೆರಾಟಿನ್ 8 ಅದರ ಗುರುತು. ಮೇಲೆ ಹೇಳಿದ ಹಲವು ದಿಕ್ಕಿಗೆ ತಿರುಗಬಲ್ಲ ಕ್ಯಾನ್ಸರ್ ಸ್ಥಿತಿ ಈ ಹಂತವನ್ನು ಬಹಳವಾಗಿ ಹೋಲುತ್ತದೆ. ದೇಹವೇ ರಿಪೇರಿಗೆಂದು ಇಟ್ಟುಕೊಂಡ ಉಪಾಯವನ್ನು ಕ್ಯಾನ್ಸರ್ ಎತ್ತಿಕೊಂಡು, ರಿಪೇರಿ ಮುಗಿದ ಮೇಲೂ ನಿಲ್ಲಿಸದೆ ನಡೆಸುತ್ತದೆ.

ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಮುಖ್ಯವಾದ ನಿಯಂತ್ರಕಗಳು ಯಾವುವು?

ಮೊದಲು ಎನ್‌ಕೆಎಕ್ಸ್2-1. ಪೆಥಾಲಜಿ ವರದಿಯಲ್ಲಿ ಇದರ ಹೆಸರು ಟಿಟಿಎಫ್-1. ಕೋಶಕ್ಕೆ "ನೀನು ಶ್ವಾಸಕೋಶದವನು" ಎಂದು ನೆನಪಿಸುತ್ತಲೇ ಇರುವ ನಿಯಂತ್ರಕ ಇದು. ಕೆರಾಸ್ ಎಂಬ ಜೀನಿನಲ್ಲಿ ಮ್ಯುಟೇಶನ್ (ಡಿಎನ್‌ಎ ಅಕ್ಷರಗಳ ಬದಲಾವಣೆ) ಇರುವ ಇಲಿಯ ಗಡ್ಡೆಯಲ್ಲಿ ಇದನ್ನು ತೆಗೆದರೆ ಕೋಶಗಳು ಲೋಳೆ ಸುರಿಸುವ ಜಠರದ ಕೋಶಗಳಂತಾಗುತ್ತವೆ. ಅಲ್ಲಿಯವರೆಗೆ ಶ್ವಾಸಕೋಶದ ಜೀನ್‌ಗಳ ಮೇಲೆ ಕೂತಿದ್ದ ಫಾಕ್ಸ್‌ಎ1 ಮತ್ತು ಫಾಕ್ಸ್‌ಎ2 ಎಂಬ ನಿಯಂತ್ರಕಗಳು ಜಠರದ ಜೀನ್‌ಗಳತ್ತ ಸರಿಯುವುದೇ ಕಾರಣ. ಎನ್‌ಕೆಎಕ್ಸ್2-1 ಮಟ್ಟ ಕುಸಿದ ಗಡ್ಡೆಗಳಲ್ಲಿ ಭ್ರೂಣದ ಕಾಲದ ಎಚ್‌ಎಂಜಿಎ2 ಎಂಬ ಜೀನ್ ಮತ್ತೆ ತಲೆಯೆತ್ತುತ್ತದೆ, ಗಡ್ಡೆ ಹರಡುವುದೂ ಹೆಚ್ಚುತ್ತದೆ. ಆದರೆ ಕೆಲವು ಅಡಿನೊಕಾರ್ಸಿನೋಮಾಗಳಲ್ಲಿ ಇದೇ ಜೀನಿನ ಪ್ರತಿಗಳು ಹೆಚ್ಚಾಗಿ, ಗಡ್ಡೆ ಇದನ್ನೇ ನೆಚ್ಚಿಕೊಂಡಿರುತ್ತದೆ. ಹಾಗಾಗಿ "ಒಳ್ಳೆಯ ಜೀನ್, ಕೆಟ್ಟ ಜೀನ್" ಎಂಬ ವಿಂಗಡಣೆಯನ್ನು ಇಲ್ಲಿ ದಯವಿಟ್ಟು ಬಿಟ್ಟುಬಿಡಿ.

ಸಾಕ್ಸ್2 ಮತ್ತು ಪಿ63 ಮೂರನೇ ಕ್ರೋಮೋಸೋಮಿನ ಉದ್ದನೆಯ ತೋಳಿನಲ್ಲಿ ಅಕ್ಕಪಕ್ಕದ ಪ್ರದೇಶದಲ್ಲಿವೆ. ಸ್ಕ್ವೇಮಸ್ ಕ್ಯಾನ್ಸರ್‌ನಲ್ಲಿ ಈ ತುಂಡಿನ ಪ್ರತಿಗಳು ಪದೇ ಪದೇ ಹೆಚ್ಚಾಗುತ್ತವೆ. ಎರಡೂ ಸೇರಿ ಕೋಶವನ್ನು ಬೇಸಲ್ ಕೋಶದ ಸ್ಥಿತಿಯಲ್ಲೇ ಕಟ್ಟಿಹಾಕುತ್ತವೆ.

ಜೆಬ್1 ಮತ್ತು ಸ್ನೇಲ್ ಇನ್ನೊಂದು ಗುಂಪು. ಟಿಜಿಎಫ್-ಬೀಟಾ ಸಂಕೇತ ಬಂದಾಗ ಇವು ಇ-ಕ್ಯಾಡ್‌ಹೆರಿನ್ ಎಂಬ ಅಂಟನ್ನು ಮುಚ್ಚುತ್ತವೆ. ಒಂದಕ್ಕೊಂದು ಅಂಟಿದ್ದ ಕೋಶಗಳು ಬಿಡಿಬಿಡಿಯಾಗಿ ಅಲೆಯತೊಡಗುತ್ತವೆ, ಜೊತೆಗೆ ಕಾಂಡಕೋಶದ ಕೆಲವು ಗುಣಗಳೂ ಬರುತ್ತವೆ. ಜೆಬ್1 ಮತ್ತು ಮಿರ್-200 ಎಂಬ ಮೈಕ್ರೋಆರ್‌ಎನ್‌ಎ (ಬೇರೆ ಜೀನ್‌ಗಳನ್ನು ಅದುಮುವ ಚಿಕ್ಕ ಆರ್‌ಎನ್‌ಎ) ಪರಸ್ಪರ ಅದುಮುತ್ತವೆ. ಒಂದು ಗೆದ್ದರೆ ಇನ್ನೊಂದು ಪೂರ್ತಿ ಸೋಲುವುದರಿಂದ ಕೋಶ ಒಂದು ಬದಿಗೆ ಜಾರಿದರೆ ಸುಲಭಕ್ಕೆ ಹಿಂದಿರುಗುವುದಿಲ್ಲ. ಲೆಟ್-7 ಇನ್ನೊಂದು ಮೈಕ್ರೋಆರ್‌ಎನ್‌ಎ. ರಾಸ್ ಪ್ರೋಟೀನನ್ನೂ ಎಚ್‌ಎಂಜಿಎ2ವನ್ನೂ ಅದುಮುವುದು ಅದರ ಕೆಲಸ, ಭ್ರೂಣದ ಕಾಲದ ಲಿನ್28 ಪ್ರೋಟೀನ್ ಮರಳಿದರೆ ಲೆಟ್-7 ತಯಾರಿಯೇ ನಿಲ್ಲುತ್ತದೆ.

ಸ್ಮಾಲ್ ಸೆಲ್ ಕ್ಯಾನ್ಸರ್ ಅಷ್ಟು ಬೇಗ ಕರಗಿ ಅಷ್ಟೇ ಬೇಗ ಮರಳುವುದೇಕೆ?

ಶ್ವಾಸಕೋಶ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15 ಈ ಬಗೆ. ಬಹುತೇಕ ಎಲ್ಲದರಲ್ಲೂ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಟಿಪಿ53 ಮತ್ತು ಆರ್‌ಬಿ1 ಜೀನ್‌ಗಳೆರಡೂ ಕೆಟ್ಟಿರುತ್ತವೆ. ಮ್ಯುಟೇಶನ್ ಒಂದೇ ಬಗೆಯದಾದರೂ ರೋಗ ಒಂದೇ ಅಲ್ಲ: ಎಎಸ್‌ಸಿಎಲ್1, ನ್ಯೂರೋಡಿ1, ಪಿಒಯು2ಎಫ್3 ಇವುಗಳಲ್ಲಿ ಯಾವ ನಿಯಂತ್ರಕ ಆಳುತ್ತಿದೆ ಎಂಬುದರ ಮೇಲೆ ಉಪಬಗೆಗಳನ್ನು ಗುರುತಿಸುತ್ತಾರೆ.

ಒಂದೇ ಗಡ್ಡೆಯೊಳಗೆ ಎಎಸ್‌ಸಿಎಲ್1 ಆಳುವ ಕೋಶಗಳು ಬೇಗ ಬೆಳೆಯುತ್ತವೆ, ಕಿಮೊಥೆರಪಿಗೆ ಬೇಗ ಸಾಯುತ್ತವೆ. ಆದರೆ ಕೆಲವು ಕೋಶಗಳಲ್ಲಿ ನಾಚ್ ಸಂಕೇತ ಹೊತ್ತಿಕೊಂಡು ಹೆಸ್1 ಎಂಬ ನಿಯಂತ್ರಕ ಏರುತ್ತದೆ, ಅವು ನ್ಯೂರೋಎಂಡೋಕ್ರೈನ್ ವೇಷ ಕಳಚುತ್ತವೆ. ನಿಧಾನವಾಗಿ ಬೆಳೆಯುವ ಈ ಕೋಶಗಳು ಔಷಧವನ್ನು ತಾಳಿಕೊಳ್ಳುವುದಲ್ಲದೆ ಪಕ್ಕದ ಕೋಶಗಳಿಗೆ ಆಸರೆಯೂ ಆಗುತ್ತವೆ. 2017ರಲ್ಲಿ ಇದು ಇಲಿಯ ಮಾದರಿಗಳಲ್ಲಿ ಸ್ಪಷ್ಟವಾಯಿತು. ಅದೇ ವರ್ಷ ಇನ್ನೊಂದು ದಾರಿಯೂ ತಿಳಿಯಿತು: ಕಿಮೊಥೆರಪಿಯ ನಂತರ ಮೇಲೆ ಹೇಳಿದ ಇಜೆಡ್‌ಎಚ್2 ಕಿಣ್ವ ಎಸ್‌ಎಲ್‌ಎಫ್‌ಎನ್11 ಜೀನನ್ನು ಮುಚ್ಚುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶವನ್ನು ಸಾವಿನತ್ತ ತಳ್ಳುವ ಜೀನ್ ಅದು. ಅದೇ ಮುಚ್ಚಿದರೆ ಔಷಧದ ಪೆಟ್ಟು ಬಿದ್ದೂ ಬೀಳದಂತೆ.

ಇಜಿಎಫ್‌ಆರ್ ಮಾತ್ರೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಿಲ್ಲುವುದೇಕೆ?

ಇಜಿಎಫ್‌ಆರ್ ಎಂದರೆ ಕೋಶಕ್ಕೆ ಬೆಳೆಯಲು ಹೇಳುವ ಒಂದು ಪ್ರೋಟೀನ್. ಅದರ ಜೀನಿನಲ್ಲಿ ಮ್ಯುಟೇಶನ್ ಇರುವ ಗಡ್ಡೆಗೆ ಅದನ್ನು ತಡೆಯುವ ಮಾತ್ರೆ ಕೊಡುತ್ತಾರೆ. ಅದು ನಿಲ್ಲಲು ಕಾರಣ ಹಲವು. ಹೊಸ ಮ್ಯುಟೇಶನ್ ಒಂದು. ಆದರೆ ಮ್ಯುಟೇಶನ್ ಬರುವವರೆಗೆ ಕೆಲವು ಕೋಶಗಳು ಹೇಗೋ ಜೀವ ಹಿಡಿದುಕೊಂಡಿರಬೇಕಲ್ಲ? 2010ರಲ್ಲಿ ಪಿಸಿ9 ಎಂಬ ಕೋಶಸಾಲಿಗೆ (ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕ್ಯಾನ್ಸರ್ ಕೋಶಗಳಿಗೆ) ವಿಪರೀತ ಪ್ರಮಾಣದ ಔಷಧ ಹಾಕಿದಾಗ ಸುಮಾರು ಶೇ. 0.3 ಕೋಶಗಳು ಬದುಕಿದವು. ಔಷಧ ತೆಗೆದು ಬೆಳೆಸಿದರೆ ಅವುಗಳ ಸಂತತಿ ಮತ್ತೆ ಔಷಧಕ್ಕೆ ಸಾಯುತ್ತಿತ್ತು. ಮ್ಯುಟೇಶನ್ ಆಗಿದ್ದರೆ ಹೀಗೆ ಹಿಂದಿರುಗುತ್ತಿರಲಿಲ್ಲ. ಹಿಸ್ಟೋನಿನಿಂದ ಮೀಥೈಲ್ ಕೀಳುವ ಕೆಡಿಎಂ5ಎ ಎಂಬ ಕಿಣ್ವ ಇದರ ಹಿಂದಿತ್ತು.

ಇದಕ್ಕಿಂತ ನಾಟಕೀಯವಾದದ್ದು ರೋಗವೇ ಬಗೆ ಬದಲಿಸುವುದು. ಇಜಿಎಫ್‌ಆರ್ ಔಷಧಕ್ಕೆ ಪ್ರತಿರೋಧ ಬಂದ ಪ್ರಕರಣಗಳಲ್ಲಿ ಶೇ. 3ರಿಂದ 14ರಷ್ಟರಲ್ಲಿ ಅಡಿನೊಕಾರ್ಸಿನೋಮಾ ಸ್ಮಾಲ್ ಸೆಲ್ ಕ್ಯಾನ್ಸರ್ ಆಗಿ ಮಾರ್ಪಡುತ್ತದೆ. ಹಳೆಯ ಇಜಿಎಫ್‌ಆರ್ ಮ್ಯುಟೇಶನ್ ಡಿಎನ್‌ಎಯಲ್ಲಿ ಹಾಗೆಯೇ ಇರುತ್ತದೆ. ಆದರೆ ಕೋಶ ಆ ಪ್ರೋಟೀನನ್ನು ತಯಾರಿಸುವುದನ್ನೇ ನಿಲ್ಲಿಸಿರುತ್ತದೆ, ಹಾಗಾಗಿ ಮಾತ್ರೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಮೊದಲಿನಿಂದಲೇ ಟಿಪಿ53 ಮತ್ತು ಆರ್‌ಬಿ1 ಎರಡೂ ಕೆಟ್ಟಿರುವವರಲ್ಲಿ ಈ ಅಪಾಯ ಹೆಚ್ಚು.

ಲ್ಯಾಬಿನಲ್ಲಿ ಕಾಂಡಕೋಶದ ಗುಣವನ್ನು ಅಳೆಯುವುದು ಹೇಗೆ?

ಸುಲಭದಿಂದ ಕಷ್ಟದತ್ತ ಮೂರು ಪರೀಕ್ಷೆಗಳು.

ಸ್ಫಿಯರ್ ಪರೀಕ್ಷೆ: ಸೀರಂ ಇಲ್ಲದ ಡಿಎಂಇಎಂ/ಎಫ್12 ಮಾಧ್ಯಮಕ್ಕೆ ಬಿ27 (50ಕ್ಕೆ 1), ಇಜಿಎಫ್ ಮತ್ತು ಬೇಸಿಕ್ ಎಫ್‌ಜಿಎಫ್ ತಲಾ ಮಿಲಿಲೀಟರಿಗೆ 20 ನ್ಯಾನೋಗ್ರಾಂ. ಕೋಶ ಅಂಟದ ಪ್ಲೇಟಿನಲ್ಲಿ ಮಿಲಿಲೀಟರಿಗೆ 500ರಿಂದ 1,000 ಕೋಶ. ಎರಡು ಮೂರು ದಿನಕ್ಕೊಮ್ಮೆ ಬೆಳವಣಿಗೆಯ ಅಂಶಗಳನ್ನು ಮತ್ತೆ ಸೇರಿಸಿ. 7ರಿಂದ 14 ದಿನಕ್ಕೆ 50 ಮೈಕ್ರಾನ್ ಮೀರಿದ ಉಂಡೆಗಳನ್ನು ಎಣಿಸಿ. ಎಲ್ಲರೂ ಮಾಡುವ ತಪ್ಪು ಕೋಶಗಳನ್ನು ದಟ್ಟವಾಗಿ ಹಾಕುವುದು. ಆಗ ಕೋಶಗಳು ತೇಲಿ ಬಂದು ಗುಂಪುಗೂಡುತ್ತವೆ, ನೀವು ಎಣಿಸುವುದು ಜಾತ್ರೆಯನ್ನೇ ಹೊರತು ಸಂತತಿಯನ್ನಲ್ಲ. ಪ್ಲೇಟನ್ನು ದಿನವೂ ಎತ್ತಿ ಅಲುಗಿಸಬೇಡಿ. ಒಂದು ಸಲ ಉಂಡೆ ಬಂದರೆ ಸಾಲದು. ಬಿಡಿಸಿ ಮತ್ತೆ ಹಾಕಿದಾಗ ಎರಡನೇ, ಮೂರನೇ ತಲೆಮಾರಿನಲ್ಲೂ ಬರಬೇಕು.

ಎಎಲ್‌ಡಿಎಚ್ ಪರೀಕ್ಷೆ: ಎಎಲ್‌ಡಿಎಚ್ ಎಂಬ ಕಿಣ್ವ ಹೆಚ್ಚಿರುವ ಕೋಶಗಳಲ್ಲಿ ಹೊಳೆಯುವ ವಸ್ತು ಉಳಿಯುತ್ತದೆ. ಮಿಲಿಲೀಟರಿಗೆ 10 ಲಕ್ಷ ಕೋಶ, 37 ಡಿಗ್ರಿಯಲ್ಲಿ 30ರಿಂದ 45 ನಿಮಿಷ. ಪ್ರತಿ ಮಾದರಿಗೂ ಕಿಣ್ವವನ್ನು ತಡೆಯುವ ಡಿಇಎಬಿ ಸೇರಿಸಿದ ಜೋಡಿ ನಳಿಕೆ ಇರಲೇಬೇಕು, ಗೇಟ್ (ಹೊಳೆಯುವ ಕೋಶಗಳನ್ನು ಬೇರ್ಪಡಿಸುವ ಗಡಿ) ಎಳೆಯುವುದು ಅದರಿಂದಲೇ. ಆಮೇಲೆ ಕೋಶಗಳನ್ನು ಪರೀಕ್ಷೆಯ ಬಫರಿನಲ್ಲೇ ಮಂಜುಗಡ್ಡೆಯ ಮೇಲಿಡಿ. ಬೇರೆ ಬಫರಿಗೆ ಹಾಕಿ ಬೆಚ್ಚಗಾಗಲು ಬಿಟ್ಟರೆ ಕೋಶದ ಪಂಪುಗಳು ಹೊಳಪನ್ನು ಹೊರದೂಡಿ, ಇದ್ದ ಕೋಶಗಳೂ ಇಲ್ಲದಂತೆ ಕಾಣುತ್ತವೆ.

ಮಿತ ಸಂಖ್ಯೆಯ ಕಸಿ: ಕೊನೆಯ ಮಾತು ಇದರದೇ. 10, 100, 1,000 ಕೋಶಗಳನ್ನು ಮ್ಯಾಟ್ರಿಜೆಲ್ ಎಂಬ ಜೆಲ್ ಜೊತೆ ಸಮಸಮ ಬೆರೆಸಿ, ಟಿ, ಬಿ, ಎನ್‌ಕೆ ಕೋಶಗಳಿಲ್ಲದ ಎನ್‌ಎಸ್‌ಜಿ ಇಲಿಗಳಿಗೆ ಹಾಕುತ್ತಾರೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಲೆಕ್ಕ ಹೀಗೆ: ಶೇ. 37ರಷ್ಟು ಇಲಿಗಳಲ್ಲಿ ಗಡ್ಡೆ ಬಾರದ ಪ್ರಮಾಣದಲ್ಲಿ ಸರಾಸರಿ ಒಂದು ಕಾಂಡಕೋಶ ಇದೆ ಎಂದರ್ಥ. ಉದಾಹರಣೆಗೆ 100 ಕೋಶ ಹಾಕಿದ 8 ಇಲಿಗಳಲ್ಲಿ 3ಕ್ಕೆ ಗಡ್ಡೆ ಬರದಿದ್ದರೆ, ನೂರಕ್ಕೆ ಸುಮಾರು ಒಂದು. ಎಲ್ಲ ಪ್ರಮಾಣಗಳನ್ನೂ ಸೇರಿಸಿ ಲೆಕ್ಕ ಹಾಕಲು ಎಲ್ಡಾ ಎಂಬ ಉಚಿತ ಸಾಧನವಿದೆ. ಎಲ್ಲ ಪ್ರಮಾಣದಲ್ಲೂ ಎಲ್ಲ ಇಲಿಗಳಿಗೂ ಗಡ್ಡೆ ಬಂದರೆ ಆ ಪ್ರಯೋಗ ನಿಮಗೆ ಅನುಪಾತ ಹೇಳುವುದಿಲ್ಲ, ಇನ್ನೂ ಕಡಿಮೆ ಕೋಶ ಹಾಕಬೇಕಿತ್ತು. ಇಲಿಯ ತಳಿಯೂ ಉತ್ತರ ಬದಲಿಸುತ್ತದೆ: ಅತಿ ವಿರಳ ಎಂದುಕೊಂಡಿದ್ದ ಮೆಲನೋಮಾದ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆ ಕಟ್ಟುವ ಕೋಶಗಳು, 2008ರಲ್ಲಿ ಎನ್‌ಎಸ್‌ಜಿ ಇಲಿ ಬಳಸಿದಾಗ ಸುಮಾರು ನಾಲ್ಕಕ್ಕೆ ಒಂದು ಎಂದು ಕಂಡವು.

ಪಿಸಿಆರ್‌ನಲ್ಲಿ ಆಕ್ಟ್4, ಸಾಕ್ಸ್2 ಬಂದಿವೆ. ಇದು ಸಾಕ್ಷಿಯಾಗುತ್ತದೆಯೇ?

ಅವಸರ ಬೇಡ. ಪಿಸಿಆರ್ ಎಂದರೆ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಣುಕುಗಳಿಂದ ಜೀನಿನ ಭಾಗವನ್ನು ಹಿಗ್ಗಿಸಿ ನೋಡುವುದು. ಆಕ್ಟ್4 ಜೀನಿಗೆ ಹಲವು ಹುಸಿಜೀನ್‌ಗಳಿವೆ (ಜೀನಿನಂತೆ ಕಾಣುವ ನಕಲುಗಳು), ಎ ಮತ್ತು ಬಿ ಎಂಬ ಬೇರೆ ಬೇರೆ ರೂಪಗಳೂ ಇವೆ. ಕಾಂಡಕೋಶಕ್ಕೆ ಸಂಬಂಧಿಸಿದ್ದು ಎ ಮಾತ್ರ. ಪ್ರೈಮರ್ ಎಚ್ಚರದಿಂದ ಆರಿಸದಿದ್ದರೆ ನೀವು ಹಿಗ್ಗಿಸಿದ್ದು ಹುಸಿಜೀನನ್ನೇ ಇರಬಹುದು, ಹಾಗಾಗಿ ಬಂದ ತುಣುಕನ್ನು ಸೀಕ್ವೆನ್ಸ್ ಮಾಡಿಸಿ. ಸಾಕ್ಸ್2 ಒಂದೇ ಎಕ್ಸಾನಿನ (ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ತುಂಡಿನ) ಜೀನ್. ಆದ್ದರಿಂದ ಎಕ್ಸಾನ್ ದಾಟುವ ಪ್ರೈಮರ್ ಸಾಧ್ಯವಿಲ್ಲ, ಆರ್‌ಎನ್‌ಎಯಲ್ಲಿ ಉಳಿದ ಚೂರು ಡಿಎನ್‌ಎ ಕೂಡ ಬ್ಯಾಂಡ್ ಕೊಡುತ್ತದೆ. ಡಿಎನ್‌ಏಸ್ ಹಾಕಿ, ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಹೋಲಿಕೆಯ ಮಾದರಿಯನ್ನು ಪ್ರತಿ ಸಲವೂ ಓಡಿಸಿ.

ಗುರುತುಗಳಲ್ಲೂ ಇದೇ ಪಾಡು. ಸಿಡಿ133ಕ್ಕೆ ಬಳಸುವ ಎಸಿ133 ಪ್ರತಿಕಾಯ ಹಿಡಿಯುವುದು ಸಕ್ಕರೆ ಸರಪಳಿಯನ್ನು ಅವಲಂಬಿಸಿದ ಭಾಗವನ್ನು. ಪ್ರೋಟೀನ್ ಇದ್ದೂ ಅದು ಕಾಣದಿರಬಹುದು. ಸಿಡಿ44 ಎ549ನಂಥ ಹಲವು ಕೋಶಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುತ್ತದೆ, ಅಲ್ಲಿ ಅದರಿಂದ ಬೇರ್ಪಡಿಸುವುದು ಏನನ್ನು? ಕೋಶ ಬಿಡಿಸಲು ಟ್ರಿಪ್ಸಿನ್ ಹೆಚ್ಚು ಹೊತ್ತು ಇಟ್ಟರೆ ಹೊರಮೈ ಗುರುತುಗಳೇ ಕತ್ತರಿಸಿ ಹೋಗುತ್ತವೆ. ಇದೆಲ್ಲಕ್ಕೂ ಮೊದಲು ಕೋಶಸಾಲು ಸರಿಯಾದದ್ದೇ ಎಂದು ಹೇಳುವ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಮತ್ತು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ.

ಒಂದು ನಿಯಂತ್ರಕವೇ ಕಾರಣ ಎಂದು ಹೇಳಲು ಏನು ಬೇಕು?

ನಾಲ್ಕು ಸಂಗತಿ ಒಟ್ಟಿಗೆ ಬರಬೇಕು. ಆ ಜೀನಿನ ಸುತ್ತ ಕ್ರೊಮ್ಯಾಟಿನ್ (ಹಿಸ್ಟೋನಿಗೆ ಸುತ್ತಿದ ಡಿಎನ್‌ಎ) ತೆರೆದಿದೆ ಎಂದು ಅಟ್ಯಾಕ್-ಸೀಕ್ ಎಂಬ ಪರೀಕ್ಷೆ ತೋರಿಸಬೇಕು. ನಿಯಂತ್ರಕ ಅಲ್ಲೇ ಕೂತಿದೆ ಎಂದು ಚಿಪ್-ಸೀಕ್ ಎಂಬ ಪರೀಕ್ಷೆ ತೋರಿಸಬೇಕು. ಅದನ್ನು ತೆಗೆದಾಗ ಕಾಂಡಕೋಶದ ಗುಣ ಇಳಿಯಬೇಕು. ಮರಳಿ ಕೊಟ್ಟಾಗ ಗುಣವೂ ಮರಳಬೇಕು. ಕೊನೆಯದನ್ನು ಬಿಟ್ಟು ಪ್ರಕಟಿಸಿದ ಕೆಲಸಗಳು ಬೇಕಾದಷ್ಟಿವೆ, ಅದು ನಮಗೆ ನೋವಿನ ಸಂಗತಿ. ಅಟ್ಯಾಕ್-ಸೀಕ್‌ಗೆ ಸಾಮಾನ್ಯವಾಗಿ 50,000 ಜೀವಂತ ಕೋಶ, ತೆರೆದ ಡಿಎನ್‌ಎಯನ್ನು ಕತ್ತರಿಸುವ ಟಿಎನ್5 ಕಿಣ್ವ, 37 ಡಿಗ್ರಿಯಲ್ಲಿ 30 ನಿಮಿಷ. ಸತ್ತ ಕೋಶಗಳಿದ್ದರೆ ಅವುಗಳ ಬಿಚ್ಚಿದ ಡಿಎನ್‌ಎ ಎಲ್ಲೆಲ್ಲೂ ತುಂಡಾಗಿ, ಅರ್ಥವಿಲ್ಲದ ಹಿನ್ನೆಲೆ ಸಂಕೇತ ಹೆಚ್ಚುತ್ತದೆ. ತುಣುಕುಗಳ ಉದ್ದದ ನಕ್ಷೆಯಲ್ಲಿ ಸುಮಾರು 200 ಅಕ್ಷರಕ್ಕೊಮ್ಮೆ ಅಲೆ ಕಾಣದಿದ್ದರೆ ಆ ಮಾದರಿಯನ್ನು ಮುಂದಕ್ಕೆ ಒಯ್ಯಬೇಡಿ.

ಈ ನಿಯಂತ್ರಣವನ್ನೇ ಗುರಿಯಾಗಿಸಿದ ಔಷಧಗಳಿವೆಯೇ?

ನಿಯಂತ್ರಕ ಪ್ರೋಟೀನ್‌ಗಳಲ್ಲಿ ಔಷಧದ ಅಣು ಕೂರುವಂಥ ಕುಳಿಗಳು ಕಡಿಮೆ. ಹಾಗಾಗಿ ಸಾಕ್ಸ್2ವನ್ನು ನೇರವಾಗಿ ಹಿಡಿಯುವ ಮಾತ್ರೆ ಇಲ್ಲ. ಸುತ್ತುದಾರಿ ಫಲ ಕೊಟ್ಟಿದೆ. ಎಎಸ್‌ಸಿಎಲ್1 ತೆರೆಯುವ ಜೀನ್‌ಗಳಲ್ಲಿ ಡಿಎಲ್‌ಎಲ್3 ಒಂದು. ಸಾಮಾನ್ಯ ಕೋಶಗಳಲ್ಲಿ ಒಳಗೇ ಇರುವ ಇದು ಸ್ಮಾಲ್ ಸೆಲ್ ಕೋಶಗಳ ಹೊರಮೈಗೆ ಬರುತ್ತದೆ. ಅದನ್ನೂ ಟಿ ಕೋಶವನ್ನೂ ಒಟ್ಟಿಗೆ ಹಿಡಿಯುವ ಟಾರ್ಲಾಟಮ್ಯಾಬ್‌ಗೆ 2024ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮೊದಲ ಡೋಸುಗಳಲ್ಲಿ ಸೈಟೊಕೈನ್ (ರೋಗನಿರೋಧಕ ಕೋಶಗಳ ಸಂಕೇತ ವಸ್ತು) ಬಿಡುಗಡೆಯಿಂದ ಜ್ವರ, ರಕ್ತದೊತ್ತಡ ಇಳಿಯುವುದು ಆಗಬಹುದಾದ್ದರಿಂದ ಆಸ್ಪತ್ರೆಯಲ್ಲೇ ನಿಗಾ ಬೇಕು.

ಸೋಲುಗಳನ್ನೂ ಹೇಳಬೇಕು. ಅದೇ ಡಿಎಲ್‌ಎಲ್3ಕ್ಕೆ ವಿಷ ಕಟ್ಟಿ ಕಳಿಸಿದ ರೋವಾ-ಟಿ 2019ರಲ್ಲಿ ನಿಂತುಹೋಯಿತು. ಮಿರ್-34 ಎಂಬ ಮೈಕ್ರೋಆರ್‌ಎನ್‌ಎಯನ್ನು ಮರಳಿಸುವ ಎಂಆರ್‌ಎಕ್ಸ್34 ಪ್ರಯೋಗವನ್ನು ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಗಳ ಕಾರಣ 2016ರಲ್ಲಿ ನಿಲ್ಲಿಸಿದರು.

ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಬಹುದೇ? ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿದೆ, ಬಳಸಬಹುದೇ?

ಬೇಡ. ಶ್ವಾಸಕೋಶ ಕ್ಯಾನ್ಸರ್‌ಗೆ ಒಪ್ಪಿತವಾದ ಸ್ಟೆಮ್ ಸೆಲ್ ಚಿಕಿತ್ಸೆ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತಸಂಬಂಧಿ ರೋಗಗಳಂಥ ಒಪ್ಪಿತ ಕಾರಣಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದಲ್ಲಷ್ಟೇ ನಡೆಯಬೇಕು. ಹಣ ಕೇಳಿ ಕೊಡುವವರಿಂದ ದೂರವಿರಿ. ಹೆಸರು ಒಂದೇ ಆದರೂ ಈ ಪುಟದ ವಿಷಯಕ್ಕೂ ಆ ವ್ಯಾಪಾರಕ್ಕೂ ಸಂಬಂಧವಿಲ್ಲ.

ಅರಿಶಿನದ ಬಗ್ಗೆಯೂ ಕೇಳುತ್ತಾರೆ. ಪ್ಲೇಟಿನಲ್ಲಿ ಕೋಶಗಳಿಗೆ ಹಾಕುವ ಕರ್ಕುಮಿನ್ ಪ್ರಮಾಣ, ಬಾಯಿಂದ ತಿಂದರೆ ರಕ್ತದಲ್ಲಿ ಸಿಗುವುದಿಲ್ಲ. ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ದೊಡ್ಡ ಪ್ರಮಾಣದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಉದಾಹರಣೆಗಳಿವೆ, ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬೇಡಿ.

ವರದಿಯಲ್ಲಿ ಟಿಟಿಎಫ್-1, ಪಿ40, ಐಎನ್‌ಎಸ್‌ಎಂ1 ಎಂದಿದೆ. ಏನಿದು?

ಮೂರೂ ನಿಯಂತ್ರಕಗಳೇ. ಟಿಟಿಎಫ್-1 ಇದ್ದು ಪಿ40 ಇಲ್ಲದಿದ್ದರೆ ಸಾಮಾನ್ಯವಾಗಿ ಅಡಿನೊಕಾರ್ಸಿನೋಮಾ. ಪಿ40 ದಟ್ಟವಾಗಿದ್ದರೆ ಸ್ಕ್ವೇಮಸ್. ಪಿ40 ಎಂದರೆ ಪಿ63ರದೇ ಒಂದು ರೂಪ. ಐಎನ್‌ಎಸ್‌ಎಂ1, ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್ ನ್ಯೂರೋಎಂಡೋಕ್ರೈನ್ ಗುರುತುಗಳು. ಟಿಟಿಎಫ್-1 ಸ್ಮಾಲ್ ಸೆಲ್‌ನಲ್ಲೂ ಬರಬಹುದು, ಆದ್ದರಿಂದ ಒಂದೇ ಗುರುತು ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ.

ರೋಗ ಮತ್ತೆ ಬೆಳೆದಾಗ ರಕ್ತಪರೀಕ್ಷೆ ಸಾಲದೇ, ಎರಡನೇ ಬಯಾಪ್ಸಿ ಏಕೆ?

ರಕ್ತದಲ್ಲಿ ತೇಲುವ ಡಿಎನ್‌ಎ ಪರೀಕ್ಷೆ ಹೊಸ ಮ್ಯುಟೇಶನ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಡಿನೊಕಾರ್ಸಿನೋಮಾ ಸ್ಮಾಲ್ ಸೆಲ್ ಆಗಿ ಬದಲಾದರೆ ಆ ಬದಲಾವಣೆ ಇರುವುದು ಜೀನ್ ನಿಯಂತ್ರಣದಲ್ಲಿ. ರಕ್ತದ ವರದಿಯಲ್ಲಿ ಹಳೆಯ ಇಜಿಎಫ್‌ಆರ್ ಮ್ಯುಟೇಶನ್ ಮಾತ್ರ ಕಂಡು, ಎಲ್ಲವೂ ಮೊದಲಿನಂತೆಯೇ ಇದೆ ಎನಿಸಬಹುದು. ಅಂಗಾಂಶ ನೋಡಿದರಷ್ಟೇ ಗೊತ್ತಾಗುತ್ತದೆ, ಚಿಕಿತ್ಸೆಯೂ ಪ್ಲಾಟಿನಂ ಮತ್ತು ಎಟೊಪೊಸೈಡ್ ಎಂಬ ಕಿಮೊಥೆರಪಿ ಔಷಧಗಳ ಕಡೆಗೆ ತಿರುಗುತ್ತದೆ.

ಹಾಗಾಗಿ ವೈದ್ಯರನ್ನು ಕೇಳಿ: ಬೆಳೆಯುತ್ತಿರುವ ಜಾಗದಿಂದಲೇ ಬಯಾಪ್ಸಿ ತೆಗೆಯಲು ಸಾಧ್ಯವೇ? ನ್ಯೂರೋಎಂಡೋಕ್ರೈನ್ ಗುರುತುಗಳನ್ನು ನೋಡುತ್ತಾರೆಯೇ? ಬೇರೆ ಲ್ಯಾಬಿಗೆ ಕಳಿಸುವುದಾದರೆ ತುಣುಕು ಶೇ. 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆಯೊಳಗಷ್ಟೇ ಇರಬೇಕು. ಶನಿವಾರ ಸಂಜೆ ತೆಗೆದ ತುಣುಕು ಸೋಮವಾರ ರಜೆ ಬಂದು ಬುಧವಾರದವರೆಗೆ ಡಬ್ಬಿಯಲ್ಲೇ ಕುಳಿತರೆ ಗುರುತುಗಳು ಮಸುಕಾಗಬಹುದು. ಬಯಾಪ್ಸಿಯ ದಿನ ಗೊತ್ತುಮಾಡುವಾಗಲೇ ಇದನ್ನು ಕೇಳಿಟ್ಟುಕೊಳ್ಳಿ, ಮೊದಲ ಬಯಾಪ್ಸಿಯ ಬ್ಲಾಕನ್ನೂ (ಮೇಣದಲ್ಲಿ ಕೂರಿಸಿಟ್ಟ ತುಣುಕು) ಆಸ್ಪತ್ರೆಯಿಂದ ತರಿಸಿ ಜೊತೆಗೆ ಕೊಡಿ.